ಮರೆವಿನ ಲಕ್ಷಣ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಹಣೆಯ ಮೇಲೆ ಕನ್ನಡಕವನ್ನಿಟ್ಟುಕೊಂಡು ಮನೆಯೆಲ್ಲವನ್ನೂ ಅರಸುವ ತಾತನಿಗೂ, ಒಲೆಯ ಮೇಲೆ ಹಾಲಿಟ್ಟು ಪಡಸಾಲೆಯಲ್ಲಿ ಮಾತಿಗೆ ಕುಳಿತುಬಿಡುವ ಅಜ್ಜಿಗೂ, ಹೆತ್ತ ಮಗನನ್ನೇ ಎದುರಿಗೆ ನಿಲ್ಲಿಸಿಕೊಂಡು “ನೀನು ಯಾರ ಮನೆಯವನಪ್ಪ?” ಎಂದು ಕೇಳುವ ವೃದ್ಧನಿಗೂ ನಾವು ಈ ಒಂದೇ ಮಾತನ್ನು ಅನ್ವಯಿಸುತ್ತೇವೆ. ನನಗೂ ಈಗ ಅರವತ್ತು ತುಂಬಿದೆ; ಆದುದರಿಂದ ಈ ಗಾದೆಯ ವಿಚಾರದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗೆ ಪ್ರಾಪ್ತವಾಗಿದೆಯೆಂದು ಭಾವಿಸುತ್ತೇನೆ. ಗಾದೆ ಹಾಸ್ಯಕ್ಕೆ ಹುಟ್ಟಿದ್ದು. ಹಾಸ್ಯವು ಮನೆಯಲ್ಲಿ ಇರಬೇಕಾದುದೇ. ಆದರೆ ಹಾಸ್ಯಕ್ಕೆಂದು ಹುಟ್ಟಿದ ಮಾತನ್ನು ರೋಗದ ಹೆಸರಾಗಿ ಬಳಸಿದರೆ ಎಷ್ಟು ಅನರ್ಥವಾಗುತ್ತದೆಂಬುದನ್ನು ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿಯೇ ನೋಡುತ್ತಿದ್ದೇನೆ.

ತರ್ಕಶಾಸ್ತ್ರಕ್ಕೆ ಕೈಹಾಕಿದ ವಿದ್ಯಾರ್ಥಿಗೆ ಗುರುಗಳು ಮೊದಲು ಹೇಳಿಕೊಡುವುದು ಲಕ್ಷಣದ ಪಾಠವನ್ನು. ಒಂದು ವಸ್ತುವನ್ನು ಉಳಿದೆಲ್ಲ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಗುರುತೇ ಲಕ್ಷಣ. ಅದಕ್ಕೆ ಮೂರು ದೋಷಗಳು ಬರಬಹುದು. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾಗುತ್ತದೆ, ಇದು ಅತಿವ್ಯಾಪ್ತಿ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಹಸು ಎಂದರೆ ಯಾವ ಹಸುವೂ ಸಿಕ್ಕುವುದಿಲ್ಲ, ಇದು ಅಸಂಭವ. ಕೊರಳಿನ ಕೆಳಗೆ ಜೋಲುವ ಗಂಗೆದೊಗಲೇ ಹಸುವಿನ ಲಕ್ಷಣವೆಂದು ಪ್ರಾಚೀನರು ನಿರ್ಣಯಿಸಿದರು. ಈ ಪಾಠವನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಮನುಷ್ಯನ ಮೆದುಳಿನ ರೋಗವೊಂದನ್ನು ಗುರುತಿಸುವ ಕೆಲಸದಲ್ಲಿಯೂ ಇದೇ ಪಾಠ ಅಕ್ಷರಶಃ ನಡೆಯುತ್ತಿದೆಯೆಂದು ಮಾತ್ರ ಮುದಿತನದಲ್ಲಿ ತಿಳಿದೆನು.

ನನ್ನ ಅಣ್ಣನವರಿಗೆ ಈಗ ಎಪ್ಪತ್ತನಾಲ್ಕು ವಯಸ್ಸು. ಅಮರಕೋಶವನ್ನೂ ಶಬ್ದರೂಪಾವಳಿಯನ್ನೂ ನನಗೆ ಕಲಿಸಿದವರು ಅವರೇ. ಐದು ವರ್ಷಗಳ ಹಿಂದೆ ಅವರು ಒಂದೇ ಪ್ರಶ್ನೆಯನ್ನು ಒಂದು ಗಳಿಗೆಯೊಳಗೆ ಮೂರು ನಾಲ್ಕು ಸಾರಿ ಕೇಳತೊಡಗಿದರು. ಊಟ ಮಾಡಿ ಕೈತೊಳೆದು ಬಂದವರು ಎಲೆ ಹಾಕಿಲ್ಲವೇಕೆಂದು ಅತ್ತಿಗೆಯವರನ್ನು ಗದರಿಸುವರು. ಗುತ್ತಲಿನ ಅರಕೇಶ್ವರಸ್ವಾಮಿಯ ದೇವಸ್ಥಾನಕ್ಕೆ ಬಾಲ್ಯದಿಂದಲೂ ಹೋಗಿಬರುತ್ತಿದ್ದವರು, ಒಂದು ಸಂಜೆ ಅಲ್ಲಿಂದ ಮನೆಗೆ ದಾರಿ ಕಾಣದೆ ಬೀದಿಯ ಮಧ್ಯದಲ್ಲಿ ನಿಂತಿದ್ದರು. ನೆರೆಯವರು ಕೈಹಿಡಿದು ಕರೆತಂದರು; ತಂದು ಬಿಟ್ಟು, “ಅರಳುಮರಳಲ್ಲವೆ, ಪಾಪ!” ಎಂದು ನಕ್ಕು ಹೋದರು. ಆ ನಗೆಯಲ್ಲಿ ಕೇಡಿರಲಿಲ್ಲ. ಆದರೆ ಅತ್ತಿಗೆಯವರು ಒಳಕ್ಕೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಬೆಂಗಳೂರಿನ ವೈದ್ಯರು ಮೊದಲು ಮೆದುಳಿನ ಮಾತನ್ನೇ ಎತ್ತಲಿಲ್ಲ. ರಕ್ತವನ್ನು ತೆಗೆದು ಥೈರಾಯ್ಡ್ ಗ್ರಂಥಿಯ ರಸ ಸಾಕಷ್ಟಿದೆಯೇ, ಬಿ-12 ಜೀವಸತ್ತ್ವ ಕಡಮೆಯಾಗಿದೆಯೇ ಎಂದು ನೋಡಿದರು. ಯಾವ ಯಾವ ಮಾತ್ರೆ ನುಂಗುತ್ತಾರೆ, ಎಲ್ಲಿಯಾದರೂ ಬಿದ್ದು ತಲೆಗೆ ಪೆಟ್ಟಾಗಿತ್ತೇ, ಮನಸ್ಸಿಗೆ ಖಿನ್ನತೆಯುಂಟೇ ಎಂದು ವಿಚಾರಿಸಿದರು. ಇವುಗಳಿಂದಲೂ ಮರೆವು ಬರುವುದುಂಟು; ಹೀಗೆ ಬಂದ ಮರೆವು ಬಹುಮಟ್ಟಿಗೆ ಚಿಕಿತ್ಸೆಗೆ ಬಗ್ಗುತ್ತದೆ. ವಾಚಕರು ಇದನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಎಲ್ಲವನ್ನೂ ಅರಳುಮರಳೆಂದು ಸುಮ್ಮನೆ ಬಿಟ್ಟ ಮನೆಯಲ್ಲಿ, ಒಂದು ಮಾತ್ರೆಯಿಂದ ಸರಿಹೋಗಬಹುದಾಗಿದ್ದ ಹಿರಿಯರೂ ಮೂಲೆ ಸೇರುತ್ತಾರೆ. ಅಣ್ಣನವರಲ್ಲಿ ಇವಾವುವೂ ಕಾಣಲಿಲ್ಲ. ಮುಂದಿನ ಪರೀಕ್ಷೆಗಳೆಲ್ಲ ಆದ ಮೇಲೆ ಆಲ್ಜೈಮರ್ ರೋಗವೆಂದು ತಿಳಿಸಿದರು.

ಈ ಹೆಸರಿನ ಹಿಂದೆ ಒಂದು ಕಥೆಯಿದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ ಗೃಹಿಣಿಯನ್ನು ಕರೆತಂದರು. ಆಕೆ ತನ್ನ ಹೆಸರನ್ನು ಬರೆಯಲು ತೊಡಗಿ ಅರ್ಧಕ್ಕೇ ಮರೆಯುತ್ತಿದ್ದಳು. ಆಕೆಗಾಗ ವಯಸ್ಸು ಐವತ್ತೊಂದು, ಅರವತ್ತಲ್ಲ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾಕ್ಟರ್ ಅಲೋಯಿಸ್ ಆಲ್ಜೈಮರರು ಆಕೆಯ ಮೆದುಳನ್ನು ತರಿಸಿ, ತೆಳ್ಳನೆಯ ಪದರಗಳಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಚಕ್ಕೆಗಳಂತಹ ಶೇಖರಣೆಗಳೂ, ಒಳಗೆ ಕಪ್ಪನೆಯ ಎಳೆಗಳ ಸಿಕ್ಕುಗಳೂ ಕಂಡುವು. ಚಕ್ಕೆಗಳು ಅಮಿಲಾಯ್ಡ್ ಎಂಬ ವಸ್ತುವಿನವು. ಅದರ ಕಥೆ ಬೇರೆ. ನಾನು ಹೇಳಹೊರಟಿರುವುದು ಸಿಕ್ಕುಗಳ ಮಾತನ್ನು. ಅವು ಯಾವುದರಿಂದ ಆದುವೆಂಬುದನ್ನು ಬೆಳ್ಳಿ ಹೇಳಲಾರದು. ಅದು ಸ್ವಸ್ಥವಾದ ಎಳೆಗಳನ್ನೂ ಕಪ್ಪಾಗಿಸುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಬೆಳ್ಳಿಯು ಕೊಂಬಿನಂತಹ ಲಕ್ಷಣ, ಗಂಗೆದೊಗಲಲ್ಲ.

ಗಂಗೆದೊಗಲು ದೊರೆಯಲು ಸುಮಾರು ಎಂಬತ್ತು ವರ್ಷ ಹಿಡಿಯಿತು. 1975ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ವೈನ್‌ಗಾರ್ಟನ್, ಕಿರ್ಷ್ನರ್ ಮೊದಲಾದವರು ಹಂದಿಯ ಮೆದುಳಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಟೌ ಎಂದು ಗ್ರೀಕ್ ಅಕ್ಷರವೊಂದರ ಹೆಸರನ್ನಿಟ್ಟರು. ಇದರ ಕೆಲಸವನ್ನು ತಿಳಿಯಲು ನಮ್ಮ ಊರಿನ ಕಬ್ಬಿನ ಗದ್ದೆಯೇ ಸಾಕು. ಗುತ್ತಲು ಇಂದು ಮಂಡ್ಯ ನಗರದೊಳಗೆ ಸೇರಿಹೋಗಿದೆ; ಆದರೂ ಸ್ವಲ್ಪ ದೂರ ನಡೆದರೆ ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬೆಳೆದ ಕಬ್ಬು ಕಣ್ಣಿಗೆ ಬೀಳುತ್ತದೆ. ಎತ್ತರಕ್ಕೆ ಬೆಳೆದ ಕಬ್ಬು ಗಾಳಿಗೆ ಒರಗದಿರಲೆಂದು ರೈತರು ಅದರ ಒಣಗರಿಗಳನ್ನೇ ಹೊಸೆದು ನಾಲ್ಕಾರು ಜಲ್ಲೆಗಳನ್ನು ಸೇರಿಸಿ ಕಟ್ಟುತ್ತಾರೆ. ನರಕೋಶದೊಳಗೂ ಇಂತಹ ಜಲ್ಲೆಗಳಿವೆ, ಅವೇ ಸೂಕ್ಷ್ಮನಾಳಗಳು. ಒಂದು ಮಿಲಿಮೀಟರನ್ನು ನಲವತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು ಮಾತ್ರ ಅವುಗಳ ದಪ್ಪ. ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಸುಮಾರು ಒಂದು ಮೀಟರು ಚಾಚಿಕೊಂಡಿರುವ ನರತಂತುವಿಗೆ ಬೇಕಾದ ಆಹಾರಸಾಮಗ್ರಿಯೆಲ್ಲ ಈ ನಾಳಗಳ ಮೈಮೇಲೆಯೇ ಸಾಗಬೇಕು. ಇವು ಬಿಚ್ಚಿಹೋಗದಂತೆ ನೆರವಾಗುವ ಕಟ್ಟು ಟೌ. ರೋಗದಲ್ಲಿ ಈ ಕಟ್ಟು ಸಡಿಲಿ ಕಳಚಿಕೊಳ್ಳುತ್ತದೆ. ಕಳಚಿದ ಗರಿಗಳು ಒಂದಕ್ಕೊಂದು ಹೆಣೆದುಕೊಂಡು ಸಿಕ್ಕಾಗುತ್ತವೆ. ಆಲ್ಜೈಮರರು ಕಂಡ ಕಪ್ಪು ಸಿಕ್ಕಿನಲ್ಲಿ ಟೌ ಇದೆಯೆಂಬುದು 1985-86ರ ವೇಳೆಗೆ ಸ್ಥಾಪಿತವಾಯಿತು. ಇದನ್ನು ಸ್ಥಾಪಿಸಿಕೊಟ್ಟ ಸಾಧನವೇ ಪ್ರತಿಕಾಯ, ಈಗಿನವರು ಆಂಟಿಬಾಡಿಯೆನ್ನುತ್ತಾರೆ.

ಪ್ರತಿಕಾಯವೆಂದರೆ ಹೊಸದೇನೂ ಅಲ್ಲ. ಸಿಡುಬಿನ ದೇವಿ ಹಾಕಿಸಿಕೊಂಡ ಕಾಲದಿಂದಲೂ ಅದರ ಉಪಕಾರವನ್ನು ನಾವು ಉಂಡವರು. ಹೊರಗಿನ ವಸ್ತು ಒಳಹೊಕ್ಕಾಗ ಅದನ್ನು ಗುರುತಿಸಿ ಹಿಡಿಯಲು ಶರೀರವು ತಯಾರಿಸುವ ಪ್ರೋಟೀನು ಅದು. ಆದರೆ ಶರೀರವು ಒಮ್ಮೆಗೇ ಹಲವು ಬಗೆಯವನ್ನು ಬೆರಸಿ ತಯಾರಿಸುತ್ತದೆ. 1975ರಲ್ಲಿಯೇ, ಟೌ ಬೆಳಕಿಗೆ ಬಂದ ಆ ವರ್ಷದಲ್ಲಿಯೇ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೋಲರ್, ಮಿಲ್‌ಸ್ಟೈನ್ ಎಂಬಿಬ್ಬರು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಉಪಾಯವನ್ನು ಪ್ರಕಟಿಸಿದರು. ಇಲಿಯ ಗುಲ್ಮದಲ್ಲಿ ಪ್ರತಿಕಾಯವನ್ನು ತಯಾರಿಸುವ ಕೋಶವನ್ನು, ಸಾವಿಲ್ಲದೆ ಬೆಳೆಯುವ ಅರ್ಬುದದ ಕೋಶದೊಡನೆ ಬೆಸೆದರು. ಇದಕ್ಕಾಗಿ 1984ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತು. ವಿಘ್ನೇಶ್ವರನ ವಾಹನಕ್ಕೆ ಮನುಷ್ಯನ ಮರೆವಿನ ವಿಘ್ನವನ್ನು ಹುಡುಕುವ ಕೆಲಸವೂ ಒದಗಿತೆಂದು ನಾನು ಹೇಳಿದಾಗ, ಇದನ್ನೆಲ್ಲ ನನಗೆ ವಿವರಿಸುತ್ತಿದ್ದ ಹಳೆಯ ಶಿಷ್ಯನು ನಕ್ಕನು.

ಈ ಶಿಷ್ಯನು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಕೆಲಸಮಾಡುವವನು. ಅಣ್ಣನವರನ್ನು ನೋಡಲು ಬಂದವನು ನನ್ನ ಪ್ರಶ್ನೆಗಳ ಸುರಿಮಳೆಯನ್ನು ತಾಳಲಾರದೆ ಒಮ್ಮೆ ತನ್ನ ಪ್ರಯೋಗಶಾಲೆಗೇ ಕರೆದುಕೊಂಡು ಹೋದನು. ಹಿಮಕ್ಕಿಂತಲೂ ತಣ್ಣನೆಯ ಪೆಟ್ಟಿಗೆಯಿಂದ ಕಿರುಬೆರಳಿನಷ್ಟೂ ಇಲ್ಲದ ಸೀಸೆಯೊಂದನ್ನು ತೆಗೆದು ತೋರಿಸಿದನು. ಅದರೊಳಗೆ ಎರಡು ಹನಿಯಷ್ಟು ನೀರಿನಂತಹ ದ್ರವ. ಜೊತೆಗೆ ಒಂದು ಮುದ್ರಿತ ಪತ್ರ: ಇದು ಯಾವ ಪ್ರೋಟೀನನ್ನು ಹಿಡಿಯುತ್ತದೆ, ಯಾವ ಪ್ರಾಣಿಯಿಂದ ಬಂದದ್ದು, ಎಷ್ಟು ಪಾಲು ತೆಳುಮಾಡಿ ಬಳಸಬೇಕು ಎಂಬ ವಿವರ. ಓದುತ್ತ ಓದುತ್ತ ನನಗೆ ಅದೊಂದು ಲಕ್ಷಣವಾಕ್ಯದಂತೆಯೇ ಕಂಡಿತು. ಮೆದುಳಿನ ತೆಳುಪದರದ ಮೇಲೆ ಈ ದ್ರವವನ್ನು ಹನಿಸುತ್ತಾರೆ. ಟೌ ಇದ್ದಲ್ಲಿ ಪ್ರತಿಕಾಯವು ಅಂಟಿಕೊಳ್ಳುತ್ತದೆ, ಉಳಿದದ್ದನ್ನು ತೊಳೆದುಬಿಡುತ್ತಾರೆ. ಬಣ್ಣವನ್ನು ಹುಟ್ಟಿಸುವ ಇನ್ನೊಂದು ಪ್ರತಿಕಾಯವು ಮೊದಲನೆಯದನ್ನು ಹಿಡಿಯುತ್ತದೆ; ಅಲ್ಲಿ ಕಂದುಬಣ್ಣ ಮೂಡುತ್ತದೆ. ನೀಲಿಯ ಹಿನ್ನೆಲೆಯಲ್ಲಿ ದೀಪದ ಕುಡಿಯ ಆಕಾರದ ಕಂದು ಸಿಕ್ಕುಗಳನ್ನು ನಾನು ನೋಡಿದೆನು. ಅದು ಯಾರ ಮೆದುಳೋ ನಾನರಿಯೆ. ಅವರು ಯಾವ ಮನೆಯ ದಾರಿಯನ್ನು ಮರೆತಿದ್ದರೋ ಎಂದು ಮನಸ್ಸು ಮರುಗಿತು.

ಪ್ರತಿಕಾಯದ ಸೂಕ್ಷ್ಮತೆ ವೈಯಾಕರಣರನ್ನು ನಾಚಿಸುವಂತಹದು. ಪ್ರೋಟೀನೆಂಬುದು ಇಪ್ಪತ್ತು ಅಕ್ಷರಗಳ ವರ್ಣಮಾಲೆಯಲ್ಲಿ ಬರೆದ ಒಂದು ನೀಳವಾದ ಪದ. ವಯಸ್ಕರ ಮೆದುಳಿನಲ್ಲಿ ಟೌ ಆರು ರೂಪಗಳಲ್ಲಿದೆ. ಅತಿ ದೀರ್ಘವಾದದ್ದಕ್ಕೆ 441 ಅಕ್ಷರಗಳು. ಈ ಅಕ್ಷರಗಳಲ್ಲಿ ಕೆಲವಕ್ಕೆ ಫಾಸ್ಫೇಟೆಂಬ ಒಂದು ಬಿಂದು ಅಂಟಿಕೊಳ್ಳುವುದುಂಟು. ಸ್ವಸ್ಥವಾದ ಟೌವಿನಲ್ಲಿ ಬಿಂದುಗಳು ಮಿತವಾಗಿರುತ್ತವೆ. ರೋಗದ ಟೌವಿನಲ್ಲಿ ಮಿತಿಮೀರಿರುತ್ತವೆ. 1992ರಲ್ಲಿ ಬೆಲ್ಜಿಯಂ ದೇಶದವರು ಪ್ರಕಟಿಸಿದ ಎಟಿ-8 ಎಂಬ ಪ್ರತಿಕಾಯವು 202 ಮತ್ತು 205ನೆಯ ಅಕ್ಷರಗಳ ಮೇಲೆ ಬಿಂದುವಿದ್ದರೆ ಹಿಡಿಯುತ್ತದೆ, ಇಲ್ಲದಿದ್ದರೆ ಬಿಡುತ್ತದೆ. 1985ರಿಂದ ಬಳಕೆಯಲ್ಲಿರುವ ಟೌ-1 ಎಂಬ ಇನ್ನೊಂದು, ಹೆಚ್ಚುಕಡಮೆ ಅದೇ ಎಡೆಯಲ್ಲಿ ಬಿಂದುವಿಲ್ಲದಿದ್ದರೆ ಮಾತ್ರ ಹಿಡಿಯುತ್ತದೆ. ಅನುಸ್ವಾರವೊಂದು ತಪ್ಪಿದರೆ ಅರ್ಥ ಕೆಡುವುದೆಂದು ಮಕ್ಕಳ ಕೈಯಲ್ಲಿ ತಿದ್ದಿಸುತ್ತಿದ್ದ ನಮಗೆ ಇದು ಹೊಸ ಮಾತಲ್ಲ.

ಆದರೆ ಸೀಸೆಯ ಮೇಲೆ ಬರೆದದ್ದೆಲ್ಲ ಪ್ರಮಾಣವಾಗುವುದಿಲ್ಲ. ಪ್ರತಿಕಾಯಕ್ಕೂ ಆ ಮೂರು ದೋಷಗಳೂ ಬರಬಹುದು. ಟೌ ಅಲ್ಲದ್ದನ್ನೂ ಹಿಡಿದರೆ ಅತಿವ್ಯಾಪ್ತಿ. ಟೌವಿನ ಕೆಲವು ರೂಪಗಳನ್ನು ಬಿಟ್ಟರೆ ಅವ್ಯಾಪ್ತಿ. ಸಂಸ್ಕರಿಸಿದ ಪದರದಲ್ಲಿ ಏನನ್ನೂ ಹಿಡಿಯದಿದ್ದರೆ ಅಸಂಭವ. ಪರೀಕ್ಷೆ ಹೇಗೆ? ಅನ್ವಯ ವ್ಯತಿರೇಕಗಳಿಂದಲೇ! ಟೌ ಇದ್ದಲ್ಲಿ ಬಣ್ಣವಿರಬೇಕು, ಇಲ್ಲದಲ್ಲಿ ಇರಕೂಡದು. ಟೌ ಇಲ್ಲದ ಮೆದುಳು ಎಲ್ಲಿ ಸಿಕ್ಕೀತು? 1994ರಲ್ಲಿ ಜಪಾನಿನ ಹಿರೋಕಾವಾ ಅವರ ಪ್ರಯೋಗಶಾಲೆಯವರು ಟೌ ತಯಾರಿಸುವ ಜೀನನ್ನೇ ಕೆಡಿಸಿದ ಇಲಿಗಳನ್ನು ಬೆಳೆಸಿದರು. 2014ರಲ್ಲಿ ಇಂತಹ ಇಲಿಗಳ ಮೇಲೆ ಹಲವು ಟೌ ಪ್ರತಿಕಾಯಗಳನ್ನು ಪರೀಕ್ಷಿಸಿದಾಗ, ಟೌ ಇಲ್ಲದಿದ್ದರೂ ಕೆಲವು ಗುರುತನ್ನು ತೋರಿಸಿದುವು. ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯನ್ನು ಕಂಡಂತಾಯಿತು. ಹೀಗೆ ಒರೆಗೆ ಹಚ್ಚದೆ ಬಳಸಿದ ಪ್ರತಿಕಾಯದಿಂದ ಬರೆದ ಗ್ರಂಥ ಎಷ್ಟೇ ದೊಡ್ಡದಾಗಲಿ, ಅದರ ತಳಹದಿ ಮರಳು.

ಲಕ್ಷಣ ಶುದ್ಧವಾದ ಮೇಲೂ ವಿವೇಕ ಬೇಕು. ಮುಪ್ಪಿನಲ್ಲಿ ಯಾವ ರೋಗವೂ ಇಲ್ಲದವರ ಮೆದುಳಿನಲ್ಲಿಯೂ ಒಂದೆರಡು ಸಿಕ್ಕುಗಳು ಇರುವುದುಂಟು. ಎಲ್ಲಿ, ಎಷ್ಟು, ಯಾವ ಕ್ರಮದಲ್ಲಿ ಹರಡಿವೆಯೆಂಬುದು ಮುಖ್ಯ. ನಮ್ಮ ಜನರಲ್ಲಿ ಇದು ಹೇಗಿದೆಯೆಂದು ತಿಳಿಯಬೇಕಾದರೆ ನಮ್ಮ ಜನರ ಮೆದುಳುಗಳನ್ನೇ ನೋಡಬೇಕಷ್ಟೆ. ಇದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಡಾಕ್ಟರ್ ಎಸ್. ಕೆ. ಶಂಕರ್ ಅವರ ಪ್ರಯತ್ನದಿಂದ ಮೆದುಳಿನ ಭಂಡಾರವೊಂದು ಸ್ಥಾಪಿತವಾಯಿತು. ಮೃತರ ಬಂಧುಗಳ ಒಪ್ಪಿಗೆಯಿಂದ ಬಂದ ಮೆದುಳುಗಳನ್ನು ಅಲ್ಲಿ ಕಾಪಾಡಿ ಸಂಶೋಧಕರಿಗೆ ಒದಗಿಸುತ್ತಾರೆ; ಸಾರ್ವಜನಿಕರು ನೋಡಲು ಮೆದುಳಿನ ವಸ್ತುಸಂಗ್ರಹಾಲಯವೂ ಅಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸಿ ನೋಡುವ ಕಾರ್ಯವನ್ನು ಕೈಕೊಂಡಿದ್ದಾರೆ. ನಮ್ಮಂತಹ ರೈತಾಪಿ ಊರುಗಳ ಮರೆವೂ ಹೀಗೆ ವಿದ್ವಾಂಸರ ಲೆಕ್ಕಕ್ಕೆ ಬರುತ್ತಿದೆ.

2023ರಲ್ಲಿ ಪ್ರಕಟವಾದ ಅಖಿಲ ಭಾರತದ ಗಣನೆಯಂತೆ, ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಜನರಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಬುದ್ಧಿಯನ್ನು ಕುಂದಿಸುವ ಇಂತಹ ಮರೆವಿನ ರೋಗಗಳಿವೆ. ಈಗ ಗಾದೆಯನ್ನು ತೂಗಿ ನೋಡೋಣ. ಅರವತ್ತಾದವರಲ್ಲಿ ತೊಂಬತ್ತೆರಡು ಮಂದಿಗೆ ಅರಳುಮರಳಿಲ್ಲ. ಐವತ್ತೊಂದರ ಆಗಸ್ಟೆಗೆ ಇತ್ತು. ಹೀಗೆ ಅತಿವ್ಯಾಪ್ತಿ, ಅವ್ಯಾಪ್ತಿಗಳೆರಡೂ ನಮ್ಮ ಗಾದೆಗೆ ತಗುಲಿವೆ. ಈಗಲಾದರೋ ಪ್ರತಿಕಾಯದ ಕೆಲಸ ಮೃತರ ಮೆದುಳಿಗೇ ನಿಂತಿಲ್ಲ. ಟೌವಿನ 217ನೆಯ ಅಕ್ಷರದ ಬಿಂದುವನ್ನು ರಕ್ತದಲ್ಲಿಯೇ ಪ್ರತಿಕಾಯದಿಂದ ಅಳೆದು, ಅಮಿಲಾಯ್ಡಿನೊಡನೆ ಹೋಲಿಸಿ ನೋಡುವ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ರೋಗವನ್ನು ಗುಣಪಡಿಸುವ ಔಷಧ ಮಾತ್ರ ಇನ್ನೂ ಇಲ್ಲ. ಅಮಿಲಾಯ್ಡನ್ನು ಹಿಡಿಯುವ ಕೆಲವು ಪ್ರತಿಕಾಯಗಳು ರೋಗದ ನಡಗೆಯನ್ನು ಆರಂಭದಲ್ಲಿ ಸ್ವಲ್ಪ ನಿಧಾನಗೊಳಿಸುತ್ತವೆಂದು ಕಂಡುಬಂದಿದೆ; ಅಷ್ಟೆ.

ಗುಣವಾಗದ ರೋಗಕ್ಕೆ ಸರಿಯಾದ ಹೆಸರು ಸಿಕ್ಕಿ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರವನ್ನು ನನ್ನ ಅತ್ತಿಗೆಯವರು ಕೊಟ್ಟರು. ವೈದ್ಯರಿಂದ ಹಿಂದಿರುಗಿದ ರಾತ್ರಿ ಅವರು ಹೇಳಿದರು: “ಇಷ್ಟು ದಿನ ಇವರು ಹಟಕ್ಕೆ ಹೀಗೆ ಮಾಡುತ್ತಾರೆಂದುಕೊಂಡು ನಾನೂ ಹಟ ಹಿಡಿಯುತ್ತಿದ್ದೆ. ಕಾಯಿಲೆಯೆಂದು ಗೊತ್ತಾಯಿತಲ್ಲ, ಇನ್ನು ಯಾರ ಮೇಲೆ ಹಟ?” ಮರುದಿನದಿಂದ ಅಣ್ಣನವರು ಊಟವಾಗಿಲ್ಲವೆಂದರೆ ಅವರು ವಾದಿಸುವುದಿಲ್ಲ, ಒಂದು ಹಿಡಿ ಮೊಸರನ್ನವನ್ನು ಬಡಿಸುತ್ತಾರೆ. ತಂಗಿಯ ಹೆಸರಿನಿಂದ ಕರೆದರೆ ತಂಗಿಯಾಗಿಯೇ ಓಗೊಡುತ್ತಾರೆ. ಬಾಗಿಲ ಅಗಣಿಯನ್ನು ಎತ್ತರಕ್ಕೆ ಹಾಕಿಸಿದ್ದಾರೆ; ಅಣ್ಣನವರ ಜುಬ್ಬದ ಜೇಬಿನಲ್ಲಿ ಮನೆಯ ವಿಳಾಸದ ಚೀಟಿಯನ್ನು ಹೊಲಿದಿದ್ದಾರೆ. ಸಂಜೆ ನಾನು ಹೋಗಿ ಅಮರಕೋಶದ ಒಂದು ಪದವನ್ನು ಎತ್ತಿದರೆ ಅಣ್ಣನವರು ಪರ್ಯಾಯಪದಗಳನ್ನು ತಾವಾಗಿಯೇ ಮುಂದುವರಿಸುತ್ತಾರೆ. ನಾನು ಯಾರೆಂಬುದು ಆಗ ಅವರಿಗೆ ತಿಳಿದಿರುವುದಿಲ್ಲ. ತಪ್ಪು ಹೇಳಿದರೆ ತಿದ್ದುತ್ತಾರೆ.

ಮೆದುಳಿನ ದಾನದ ವಿಷಯದಲ್ಲಿ ಅಣ್ಣನವರ ಇಚ್ಛೆ ಏನೆಂದು ಕೇಳಿ ತಿಳಿಯುವ ಕಾಲ ಮೀರಿತು. ಅದು ಅತ್ತಿಗೆಯವರಿಗೂ ಅವರ ಮಕ್ಕಳಿಗೂ ಸೇರಿದ್ದು, ನಾನು ಬಾಯಿ ಹಾಕುವುದಿಲ್ಲ. ನನ್ನ ಇಚ್ಛೆಯನ್ನು ಹೇಳಲು ನನಗಿನ್ನೂ ನೆನಪಿದೆ, ಆದುದರಿಂದ ಹೇಳಿಬಿಟ್ಟೆನು. ನನ್ನ ಮೆದುಳು ಸ್ವಸ್ಥವಾಗಿಯೇ ಇದ್ದರೂ ಬೇಕು. ರೋಗದ್ದನ್ನು ಹೋಲಿಸಿ ನೋಡಲು ರೋಗವಿಲ್ಲದ್ದೂ ಬೇಕಲ್ಲವೆ? ನನ್ನ ಪತ್ನಿಗೆ ಇದು ರುಚಿಸಲಿಲ್ಲ. “ಒಂದು ಅಂಗವಿಲ್ಲದೆ ಸಂಸ್ಕಾರ ಮಾಡಿದರೆ ಸಲ್ಲುತ್ತದೆಯೆ? ನೀವು ಓದಿದವರು, ನೀವೇ ಹೇಳಿ” ಎಂದಳು. ನಾನು ಪಲಾಶವಿಧಿಯನ್ನು ನೆನಪಿಗೆ ತಂದೆನು. ದೇಹವೇ ದೊರೆಯದಿದ್ದಾಗ ಮುನ್ನೂರ ಅರವತ್ತು ಮುತ್ತುಗದ ಎಲೆಗಳಿಂದ ಪ್ರತಿಕೃತಿಯನ್ನು ರಚಿಸಿ ದಹಿಸಬಹುದೆಂದು ನಮ್ಮ ಹಿರಿಯರು ಒಪ್ಪಿದ್ದಾರೆ. ಇಡೀ ದೇಹವಿಲ್ಲದಿದ್ದರೂ ನಡೆಯುವ ಸಂಸ್ಕಾರ, ವಿದ್ಯೆಗಾಗಿ ಕೊಟ್ಟ ಒಂದು ಅಂಗವಿಲ್ಲದಿದ್ದರೆ ಕೆಟ್ಟೀತೆ? ಮೆದುಳನ್ನು ತೆಗೆದುಕೊಂಡ ಮೇಲೆ ದೇಹವನ್ನು ಮನೆಯವರಿಗೆ ಒಪ್ಪಿಸುತ್ತಾರೆಂದೂ ಹೇಳಿದೆನು.

ಅವಳು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಅಕ್ಕಿ ಆರಿಸುತ್ತ ಕುಳಿತವಳು ತಲೆಯೆತ್ತದೆಯೇ ಹೇಳಿದಳು: “ಆಗಲಿ. ಆದರೆ ಮಕ್ಕಳಿಗೆ ಈಗಲೇ ಹೇಳಿ. ಆ ಹೊತ್ತಿನಲ್ಲಿ ಹೆಣವನ್ನು ನಡುವೆ ಇಟ್ಟುಕೊಂಡು ಅವರು ವಾದ ಮಾಡಕೂಡದು.” ನನ್ನ ತರ್ಕಕ್ಕಿಂತ ಅವಳ ಮಾತೇ ಹೆಚ್ಚು ತೂಕದ್ದು. ಮೆದುಳನ್ನು ಮರಣದ ಕೆಲವೇ ಗಂಟೆಗಳೊಳಗೆ ತೆಗೆಯಬೇಕು. ಒಪ್ಪಿಗೆ ಕೊಡಬೇಕಾದವರು ಆಗ ಉಳಿದಿರುವವರೇ ಹೊರತು ಹೋದವರಲ್ಲ.

ಮನೆಯ ಹಿರಿಯರೊಬ್ಬರು ದಾರಿ ಮರೆತು ನಿಂತರೆ ವಾಚಕರು ಮಾಡಬೇಕಾದುದು ಇಷ್ಟು. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಅದು ಗುಣವಾಗುವ ಮರೆವೂ ಆಗಿದ್ದೀತು. ಅಲ್ಲವೆಂದಾದರೆ ಅವರೊಡನೆ ವಾದಿಸುವುದನ್ನು ಬಿಡಿರಿ. ಅವರನ್ನು ನೋಡಿಕೊಳ್ಳುವ ಹೆಂಗಸಿಗೆ ವಾರಕ್ಕೆ ಎರಡು ಹೊತ್ತಾದರೂ ಬಿಡುವು ಕೊಡಿರಿ. ನಮ್ಮ ಮನೆಗಳಲ್ಲಿ ಈ ಭಾರವೆಲ್ಲ ಒಬ್ಬಳ ಹೆಗಲಿಗೇ ಬೀಳುತ್ತದೆ. ನಾನು ಮಂಗಳವಾರ, ಶುಕ್ರವಾರ ಸಂಜೆ ಅಣ್ಣನವರ ಬಳಿ ಕುಳಿತುಕೊಳ್ಳುತ್ತೇನೆ. ಅತ್ತಿಗೆಯವರು ಆಗ ದೇವಸ್ಥಾನಕ್ಕೆ ಹೋಗಿ, ಯಾವ ಅವಸರವೂ ಇಲ್ಲದೆ ಮನೆಗೆ ಬರುತ್ತಾರೆ.